ಭಾವಚಿತ್ರ, ಯಂತ್ರದ ವೀಡಿಯೊ ಮತ್ತು ಶ್ರಾವಕನ ಸತ್ಯಾಣುವ್ರತ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಸ್ವಾಧ್ಯಾಯದಲ್ಲಿ ಕುಳಿತು ಅಭ್ಯಾಸವಿರುವ ಧರ್ಮಬಂಧುಗಳಿಗೆ ಇವು ಬಾಯಿಪಾಠವಾಗಿರುತ್ತವೆ. ಇವುಗಳಲ್ಲಿ ಕೂಟಲೇಖವೆಂದರೆ ಸುಳ್ಳು ಪತ್ರ, ನ್ಯಾಸಾಪಹಾರವೆಂದರೆ ಇಟ್ಟ ಒಡವೆಯನ್ನು ನುಂಗಿಹಾಕುವುದು ಎಂದು ಸ್ಥೂಲವಾಗಿ ಅರ್ಥ ಹೇಳಿ ಮುಂದೆ ಸಾಗುವುದು ರೂಢಿ. ಅಂಗಡಿ ನಡೆಸುವವರು ಮಾತ್ರ ಎಚ್ಚರದಿಂದಿರಬೇಕಾದ ದೋಷಗಳು ಇವು, ಉಳಿದವರಿಗೆ ಇವುಗಳ ಭಯವಿಲ್ಲ ಎಂಬ ಭಾವನೆಯೂ ನಮ್ಮಲ್ಲಿದೆ. ಈಚಿನ ಒಂದು ಹೊಸ ವಿದ್ಯೆಯು ಈ ಎರಡು ಶಬ್ದಗಳನ್ನು ಮತ್ತೆ ಬಿಚ್ಚಿ ನೋಡುವಂತೆ ಮಾಡಿದೆ.

ಕೃತಕ ಬುದ್ಧಿಮತ್ತೆಯ ಯಂತ್ರಗಳಿಂದ ವೀಡಿಯೊ ತಯಾರಿಸುವ ವಿದ್ಯೆಯನ್ನು ಕುರಿತು ಹೇಳುತ್ತಿದ್ದೇನೆ. ಇದು ದೂರದ ಅಮೆರಿಕದ ಮಾತಾಗಿ ಉಳಿದಿಲ್ಲ. 2025ರಲ್ಲಿ ‘ಲವ್ ಯು’ ಎಂಬ ಕನ್ನಡ ಚಲನಚಿತ್ರವು ನಟನಟಿಯರಿಲ್ಲದೆ, ಸುಮಾರು 10 ಲಕ್ಷ ರೂಪಾಯಿಗಳ ವೆಚ್ಚದಲ್ಲಿ ಇಂತಹ ಯಂತ್ರಗಳಿಂದಲೇ ಸಿದ್ಧವಾಯಿತು. ಬೆಂಗಳೂರಿನ ಬಾಗಲಗುಂಟೆಯ ದೇವಾಲಯವೊಂದರ ಅರ್ಚಕರು ಅದರ ನಿರ್ಮಾತೃಗಳು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದಂತಹ ಊರುಗಳಲ್ಲಿಯೂ ನಮ್ಮ ತರುಣರು ಮಹಾವೀರ ಜಯಂತಿಗೆ, ಮದುವೆಗೆ, ಹಿರಿಯರ ಪುಣ್ಯಸ್ಮರಣೆಗೆ ಮೊಬೈಲಿನಲ್ಲಿಯೇ ಇಂತಹ ದೃಶ್ಯಗಳನ್ನು ಮಾಡಿ ಹಂಚುತ್ತಿದ್ದಾರೆ. ಬಸದಿಯ ಆಡಳಿತ ಮಂಡಳಿಗಳ ಮುಂದೆಯೂ ಪ್ರಸ್ತಾವಗಳು ಬರಲಾರಂಭಿಸಿವೆ. ಆದುದರಿಂದ ವಿಚಾರ ಮಾಡುವುದು ಆವಶ್ಯಕ.

ಯಂತ್ರವು ಕೆಲಸ ಮಾಡುವ ಬಗೆಯನ್ನು ಸ್ವಲ್ಪವಾದರೂ ತಿಳಿಯದೆ ಧರ್ಮವಿಚಾರ ಮಾಡುವುದು ಗಾಳಿಯಲ್ಲಿ ಗುದ್ದಾಡಿದಂತೆ. ನಾವು ಬರೆದುಕೊಟ್ಟ ವಾಕ್ಯವನ್ನು ಹಿಡಿದು ಯಂತ್ರವು ಕೆಲವು ಸೆಕೆಂಡುಗಳ ಒಂದು ದೃಶ್ಯವನ್ನು ರಚಿಸುತ್ತದೆ. ಬಣ್ಣದ ಚುಕ್ಕೆಗಳ ಗೊಂದಲದಿಂದ ಆರಂಭಿಸಿ, ತಾನು ಮೊದಲೇ ಕಲಿತ ಲಕ್ಷೋಪಲಕ್ಷ ಚಿತ್ರಗಳ ಸಂಸ್ಕಾರದ ಬಲದಿಂದ, ಆ ಗೊಂದಲವನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಒಂದು ರೂಪಕ್ಕೆ ತರುತ್ತದೆ. ಎರಡನೆಯ ದೃಶ್ಯ ಬೇಕೆಂದರೆ ಮತ್ತೆ ಗೊಂದಲದಿಂದಲೇ ಆರಂಭ. ಹಿಂದಿನ ದೃಶ್ಯದಲ್ಲಿ ತಾನು ಬಿಡಿಸಿದ ಮುಖ ಅದಕ್ಕೆ ತಾನಾಗಿ ನೆನಪಿರುವುದಿಲ್ಲ. ಹೀಗಾಗಿ ಮೊದಲ ದೃಶ್ಯದ ಭರತ ಚಕ್ರವರ್ತಿಗೆ ಒಂದು ಮೂಗು, ಎರಡನೆಯದರಲ್ಲಿ ಇನ್ನೊಂದು ಮೂಗು. ಈ ತೊಡಕಿಗೆ ಕಂಡುಕೊಂಡ ಪರಿಹಾರವೇ ಆಧಾರ ಭಾವಚಿತ್ರ. ವಾಕ್ಯದ ಜೊತೆಗೆ ಒಂದು ಪಟವನ್ನೂ ಕೊಟ್ಟರೆ ಯಂತ್ರವು ಅದರ ಲಕ್ಷಣಗಳನ್ನು ಅಂಕಿಗಳಾಗಿ ಮಾರ್ಪಡಿಸಿಕೊಂಡು, ಪ್ರತಿಯೊಂದು ದೃಶ್ಯದಲ್ಲಿಯೂ ಮುಖವನ್ನು ಆ ಅಂಕಿಗಳ ಕಡೆಗೆ ಎಳೆಯುತ್ತದೆ. 2025ರಲ್ಲಿ ಬಂದ ರನ್‌ವೇ ಜೆನ್-4, ಗೂಗಲ್‌ನ ವಿಯೋ 3.1 ಮೊದಲಾದವು ಹೀಗೆ ಹಲವು ಪಟಗಳನ್ನು ಒಟ್ಟಿಗೆ ಸ್ವೀಕರಿಸುತ್ತವೆ. ನುರಿತವರು ಎದುರಿನದು, ಓರೆಯದು, ಪಕ್ಕದ್ದು ಎಂದು ಸಮವಾದ ಬೆಳಕಿನಲ್ಲಿ ತೆಗೆದ ಪಟಗಳನ್ನು ಆರಿಸಿ ಕೊಡುತ್ತಾರೆ. ಎದುರಿನ ಒಂದೇ ಪಟವಿದ್ದರೆ ಪಕ್ಕದಿಂದ ಕಾಣುವ ಮೂಗಿನ ಇಳಿಜಾರು, ಹಲ್ಲಿನ ಸಾಲು, ನಗು, ಅಳು ಇವೆಲ್ಲವೂ ಯಂತ್ರದ ಊಹೆ. ಊಹೆಯೆಂದು ಅದು ಹೇಳಿಕೊಳ್ಳುವುದಿಲ್ಲ. ಕಂಡದ್ದನ್ನೂ ಕಾಣದ್ದನ್ನೂ ಒಂದೇ ನುಣುಪಿನಿಂದ ತೋರಿಸುತ್ತದೆ.

ಇಲ್ಲಿ ದ್ರವ್ಯ–ಪರ್ಯಾಯಗಳ ವಿವೇಕವನ್ನು ನೆನೆಯಬೇಕು. ಭಾವಚಿತ್ರವು ಒಬ್ಬ ಜೀವಿಯ ಒಂದು ಕ್ಷಣದ ಪರ್ಯಾಯ. ನಂಜನಗೂಡಿನ ಸೇತುವೆಯ ಮೇಲೆ ನಿಂತು ಬೇಸಿಗೆಯ ಕಪಿಲೆಯ ಪಟವನ್ನು ತೆಗೆದವನ ಕೈಯಲ್ಲಿರುವುದು ನದಿಯ ಒಂದು ಮಧ್ಯಾಹ್ನ. 2019ರ ಆಗಸ್ಟ್‌ನಲ್ಲಿ ಸ್ನಾನಘಟ್ಟವನ್ನು ಮುಳುಗಿಸಿ ಮೈಸೂರು ರಸ್ತೆಯನ್ನೇ ತಡೆದ ಕಪಿಲೆಯೂ ಅದೇ. ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದೂ ಅದೇ. ಬದಲಾಗುತ್ತಲೇ ಅದು ತಾನಾಗಿದೆ. ಉತ್ಪಾದ, ವ್ಯಯ, ಧ್ರೌವ್ಯಗಳು ಒಟ್ಟಿಗೇ ಇರುವುದು ಸತ್ತೆಯ ಲಕ್ಷಣವೆಂದು ನಾವು ಓದಿದ್ದೇವೆ. ಯಂತ್ರದ ಏಕರೂಪತೆ ಇದಕ್ಕೆ ವಿರುದ್ಧವಾದದ್ದು. ಅದು ಒಂದು ಪರ್ಯಾಯವನ್ನು ಹಿಡಿದು ಅದನ್ನೇ ಧ್ರುವವೆಂದು ಎಲ್ಲ ಕಾಲಕ್ಕೂ ಅಂಟಿಸುತ್ತದೆ. ಪಾರ್ಶ್ವನಾಥ ಸ್ವಾಮಿಯ ಭವಾವಳಿಯನ್ನು ಅದರ ಕೈಗೆ ಕೊಟ್ಟರೆ ಏನು ಮಾಡೀತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಮರುಭೂತಿಯೇ ಮುಂದಿನ ಭವದಲ್ಲಿ ವಜ್ರಘೋಷನೆಂಬ ಆನೆ. ಯಾವ ಭಾವಚಿತ್ರದ ಆಧಾರದಿಂದ ಆ ಇಬ್ಬರನ್ನು ಒಬ್ಬನೆಂದು ತೋರಿಸುವುದು?

ವಿಷಯಾಂತರವಾಯಿತು. ಈಗ ಕೂಟಲೇಖಕ್ಕೆ ಬರೋಣ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದವರು ಪೂಜ್ಯಪಾದ ಆಚಾರ್ಯರು. ನಮ್ಮ ಸೀಮೆಗೆ ಸಮೀಪದ ಮಲೆಯೂರಿನ ಕನಕಗಿರಿಯು ಅವರ ತಪೋಭೂಮಿಯೆಂದು ಪರಂಪರೆ ನಂಬುತ್ತ ಬಂದಿದೆ. ಕೂಟಲೇಖವೆಂದರೆ ಸುಳ್ಳು ಪತ್ರ ಎಂದಷ್ಟೇ ಹೇಳಿ ಅವರು ಬಿಟ್ಟಿಲ್ಲ. ಒಬ್ಬನು ಆಡದ ಮಾತನ್ನು, ಮಾಡದ ಕೆಲಸವನ್ನು, ಅವನೇ ಹೀಗೆ ಆಡಿದನು, ಹೀಗೆ ಮಾಡಿದನು ಎಂದು ವಂಚನೆಯ ನಿಮಿತ್ತವಾಗಿ ಬರೆಯುವುದು ಕೂಟಲೇಖಕ್ರಿಯೆ ಎಂಬುದು ಅವರ ವಿವರಣೆಯ ತಾತ್ಪರ್ಯ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ತಾಡವಾಲೆ ಮತ್ತು ಕಂಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಿದು. ‘ಬರೆಯುವುದು’ ಎಂಬಲ್ಲಿ ‘ತೋರಿಸುವುದು’ ಎಂದು ಓದಿಕೊಂಡರೆ ಇಂದಿನ ವಿಷಯಕ್ಕೆ ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. 2023ರ ಡಿಸೆಂಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿ ಅವರು, ತಮ್ಮ ಮುಖ ಮತ್ತು ಧ್ವನಿಯನ್ನು ಅನುಕರಿಸಿ ಹಣ ಹೂಡಿಕೆಗೆ ಕರೆಕೊಡುವ ವೀಡಿಯೊಗಳನ್ನು ನಂಬಬಾರದೆಂದು ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಇದು ಶುದ್ಧ ಕೂಟಲೇಖ. ಇದರಲ್ಲಿ ಚರ್ಚಿಸುವುದೇನೂ ಇಲ್ಲ, ಪೋಲೀಸರ ಕೆಲಸ.

ಚರ್ಚೆ ಬೇಕಾದದ್ದು ವಂಚನೆಯ ಉದ್ದೇಶವಿಲ್ಲದಲ್ಲಿ, ಪ್ರೀತಿಯಿಂದ ಮಾಡಿದಲ್ಲಿ.

ನರಸೀಪುರದ ಒಂದು ಮನೆಯ ಮದುವೆಯಲ್ಲಿ, ಬಹಳ ವರ್ಷಗಳ ಹಿಂದೆ ತೀರಿಕೊಂಡ ತಾತನವರು ಪರದೆಯ ಮೇಲೆ ಬಂದು ಮೊಮ್ಮಗಳಿಗೆ ಆಶೀರ್ವಾದ ಮಾಡಿದರು. ಸ್ಟುಡಿಯೊದಲ್ಲಿ ಎದುರಿನಿಂದ ತೆಗೆಸಿದ ಒಂದು ಪಟ, ಗುರುತಿನ ಚೀಟಿಯ ಒಂದು ಪಟ, ಇವೆರಡೇ ಆಧಾರ. ಕುರ್ಚಿಯಲ್ಲಿ ಕುಳಿತದ್ದು, ಎದ್ದು ನಡೆದದ್ದು, ಕೈಯೆತ್ತಿ ಹರಸಿದ್ದು, ನಾಲ್ಕಾರು ದೃಶ್ಯಗಳಲ್ಲಿಯೂ ಮುಖ ಕಿಂಚಿತ್ತೂ ಬದಲಾಗಿರಲಿಲ್ಲ. ಬಂದವರೆಲ್ಲ ಕಣ್ಣೊರೆಸಿಕೊಂಡರು. ಅಜ್ಜಿಯವರು ಎರಡು ಸಲ ಹಾಕಿಸಿಕೊಂಡು ನೋಡಿ ಮೊಮ್ಮಗನನ್ನು ಕೇಳಿದರು: “ಮುಖ ಅವರದೇ ಕಣಪ್ಪ. ನಗು ಯಾರದು?” ತಾತನವರು ನಗುವಾಗ ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತಂತೆ. ಅದು ಎರಡು ಪಟಗಳಲ್ಲಿಯೂ ಇರಲಿಲ್ಲ. ಪಟ ತೆಗೆಸುವಾಗ ನಗುವ ತಲೆಮಾರು ಅದಲ್ಲ. ಯಂತ್ರವು ಎಲ್ಲಿಂದಲೋ ಒಂದು ಒಳ್ಳೆಯ ನಗುವನ್ನು ತಂದು ಜೋಡಿಸಿತ್ತು.

ಅಜ್ಜಿಯವರ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ಆದಿಪುರಾಣದ ಚಿತ್ರಪಟದ ಪ್ರಸಂಗ. ಜಿನಸೇನಾಚಾರ್ಯರ ಆ ಮಹಾಪುರಾಣದ ಕಥೆಯನ್ನು ಪಂಪನು 941ರಲ್ಲಿ ಕನ್ನಡಕ್ಕೆ ತಂದನು. ಲಲಿತಾಂಗದೇವನನ್ನು ಕಳೆದುಕೊಂಡ ಸ್ವಯಂಪ್ರಭೆ ಶ್ರೀಮತಿಯಾಗಿ ಹುಟ್ಟಿ, ಜಾತಿಸ್ಮರಣೆಯಿಂದ ಹಿಂದಿನ ಭವವನ್ನು ನೆನೆದು, ಅದನ್ನು ಪಟದಲ್ಲಿ ಚಿತ್ರಿಸುತ್ತಾಳೆ. ಆ ಪಟವನ್ನು ದಾದಿ ಪಂಡಿತೆಯು ಜಿನಾಲಯದಲ್ಲಿ ಹರಡಿ ಕುಳಿತು, ಲಲಿತಾಂಗನು ಈಗ ಎಲ್ಲಿ ಯಾವ ರೂಪದಲ್ಲಿ ಹುಟ್ಟಿದ್ದಾನೆಂದು ಹುಡುಕುತ್ತಾಳೆ. ಜಿನಸೇನರ ಜಾಣ್ಮೆಯನ್ನು ಗಮನಿಸಬೇಕು. ಪಟದಲ್ಲಿ ಕೆಲವು ಗೂಢವಾದ ಸಂಗತಿಗಳನ್ನು ಬೇಕೆಂದೇ ಮರೆಸಿಡಲಾಗಿದೆ. ಕನ್ಯೆಯ ಆಸೆಯಿಂದ, ಇದು ನನ್ನದೇ ಕಥೆ ಎಂದು ಬಂದ ಧೂರ್ತರು ಪಟದಲ್ಲಿರುವುದನ್ನೆಲ್ಲ ಹೇಳಬಲ್ಲರು. ಇಲ್ಲದ್ದನ್ನು ಕೇಳಿದಾಗ ನಾಚಿ ಹಿಂದಿರುಗುತ್ತಾರೆ. ವಜ್ರಜಂಘನು ಬಂದು ನೋಡಿ ಮೂರ್ಛೆಹೋಗುತ್ತಾನೆ, ಎಚ್ಚೆತ್ತು ಪಟದಲ್ಲಿ ಬಿಟ್ಟುಹೋದದ್ದು ಏನೆಂದು ಹೇಳುತ್ತಾನೆ. ಮುಖ ಹೋಲುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಹುಟ್ಟುವಂತೆಯೇ ಇಲ್ಲ. ದೇವನ ಮುಖ ಬೇರೆ, ಮನುಷ್ಯನ ಮುಖ ಬೇರೆ. ಚಿತ್ರದಲ್ಲಿ ಇಲ್ಲದ್ದನ್ನು ಬಲ್ಲವನೇ ಆತ.

ಯಂತ್ರವು ಆ ಧೂರ್ತರ ಸ್ಥಾನದಲ್ಲಿ ನಿಂತಿದೆ. ಪಟದಲ್ಲಿರುವುದನ್ನೆಲ್ಲ ಅದು ಬಲ್ಲುದು. ಇಲ್ಲದ್ದನ್ನು ಕೇಳಿದರೆ ನಾಚಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ. ಮುಖವು ದೃಶ್ಯದಿಂದ ದೃಶ್ಯಕ್ಕೆ ತಪ್ಪುತ್ತಿದ್ದ ಕಾಲದಲ್ಲಿ ಆ ತಪ್ಪೇ ಸಾಕ್ಷಿಯಾಗಿ, ನೋಡುವವನಿಗೆ ಇದು ಕೃತಕವೆಂದು ಹೇಳುತ್ತಿತ್ತು. ಆಧಾರ ಭಾವಚಿತ್ರವು ಆ ಸಾಕ್ಷಿಯನ್ನು ಮುಚ್ಚಿಹಾಕುತ್ತದೆ. ಅಜ್ಜಿಯವರು ಇರುವವರೆಗೆ ಆ ಮನೆಯಲ್ಲಿ ಎಡಗಣ್ಣಿನ ನೆನಪು ಇರುತ್ತದೆ. ಅನಂತರ ಮರಿಮಕ್ಕಳಿಗೆ ತಾತನ ನಗುವೆಂದರೆ ಪರದೆಯ ಮೇಲಿನ ಆ ನಗುವೇ. ಯಾರನ್ನೂ ವಂಚಿಸಬೇಕೆಂದು ಯಾರೂ ಬಯಸದೆಯೇ ಒಂದು ಮನೆಯು ತನ್ನ ಹಿರಿಯನ ವಿಷಯದಲ್ಲಿ ಸುಳ್ಳನ್ನು ನಂಬಿದಂತಾಯಿತು. ಪ್ರಮಾದದಿಂದ ಆದದ್ದಕ್ಕೂ ಹೊಣೆಯುಂಟೆಂದು ನಮ್ಮ ಶಾಸ್ತ್ರ ಹೇಳುತ್ತದೆ.

ಹಾಗಾದರೆ ಹೊಣೆ ಎಲ್ಲಿ ಆರಂಭವಾಗುತ್ತದೆ? ವೀಡಿಯೊ ಸಿದ್ಧವಾದ ಮೇಲೆ ಅದು ಸರಿಯೋ ತಪ್ಪೋ ಎಂದು ವಾದಿಸುವುದಕ್ಕಿಂತ ಮೊದಲು, ಪಟವನ್ನು ಯಂತ್ರಕ್ಕೆ ಕೊಡುವ ಕೈಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ನ್ಯಾಸಾಪಹಾರದ ಮಾತು ಇಲ್ಲಿ ಬರುತ್ತದೆ. ಪೂಜ್ಯಪಾದರು ಕೊಡುವ ಉದಾಹರಣೆ ಬಹು ಸೂಕ್ಷ್ಮವಾಗಿದೆ. ಚಿನ್ನವನ್ನು ಒಪ್ಪಿಸಿಹೋದವನು ತಾನಿಟ್ಟದ್ದು ಎಷ್ಟೆಂಬುದನ್ನು ಮರೆತು, ಬಂದು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಅವನು ಕದಿಯಲಿಲ್ಲ, ಕೇಳಿದ್ದನ್ನು ಕೊಟ್ಟ. ಆದರೂ ಅದು ಅತಿಚಾರ, ಏಕೆಂದರೆ ಇಟ್ಟವನಿಗೆ ತಿಳಿಯದ ಹೆಚ್ಚಳವು ಇವನಲ್ಲಿ ಉಳಿಯಿತು. ಸ್ಟುಡಿಯೊದ ಪರದೆಯ ಮುಂದೆ ಕುಳಿತು ಪಟ ತೆಗೆಸಿದ ತಾತನವರು ಮನೆಯ ಗೋಡೆಗೆಂದು ಒಂದು ಮುಖವನ್ನು ಒಪ್ಪಿಸಿದರು. ಅದರಿಂದ ನಡಿಗೆ, ನಗು, ಮಾತುಗಳನ್ನು ತೆಗೆಯಬಹುದೆಂಬುದು ಅವರಿಗೆ ತಿಳಿಯುವ ಸಂಭವವೇ ಇರಲಿಲ್ಲ. ಇಟ್ಟವನಿಗೆ ತಿಳಿಯದ ಹೆಚ್ಚಳವನ್ನು ನಾವು ಬಳಸಿಕೊಳ್ಳುತ್ತಿದ್ದೇವೆ.

ಮಕ್ಕಳೇ ವಾರಸುದಾರರಲ್ಲವೇ, ಅವರಿಗೆ ಹಕ್ಕಿಲ್ಲವೇ ಎಂದು ಕೇಳುವವರುಂಟು. ವ್ಯಾಪಾರಸ್ಥನಾಗಿ ನಾನು ಬಲ್ಲದ್ದನ್ನು ಹೇಳುತ್ತೇನೆ. ತಂದೆಯ ಆಸ್ತಿ ಮಗನಿಗೆ ಬರುತ್ತದೆ, ತಂದೆಯ ಸಾಲವೂ ಬರುತ್ತದೆ. ತಂದೆಯ ರುಜು ಬರುವುದಿಲ್ಲ. ತಂದೆಯ ಹೆಸರಿನಲ್ಲಿ ಹೊಸ ಪತ್ರ ಬರೆಯುವ ಅಧಿಕಾರ ಯಾವ ಮಗನಿಗೂ ಇಲ್ಲ. ವಾರಸುದಾರರಿಗೆ ಇರುವುದು ಕಾಯುವ ಅಧಿಕಾರ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ ಅವರ ವಾರಸುದಾರರ ಕೋರಿಕೆಯ ಮೇರೆಗೆ, ಓಪನ್‌ಎಐ ಸಂಸ್ಥೆಯು ತನ್ನ ಸೋರಾ ಯಂತ್ರದಲ್ಲಿ ಅವರ ರೂಪದ ವೀಡಿಯೊಗಳನ್ನು ಮಾಡುವುದನ್ನು ನಿಲ್ಲಿಸಿತು. ಅಲ್ಲಿ ವಾರಸುದಾರರು ಮಾಡಿದ್ದು ಸರಿಯಾದ ಕೆಲಸ.

ಇದಕ್ಕಿಂತ ಗಂಭೀರವಾದ ವಿಷಯ ಮುನಿಗಳದು. ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಭಾವಚಿತ್ರ ನಮ್ಮ ಅನೇಕ ಮನೆಗಳಲ್ಲಿದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಆ ಮಹಾಪುರುಷರು 1955ರ ಸೆಪ್ಟೆಂಬರಿನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟರು. ಆ ದಿನಗಳಲ್ಲಿ ಅವರು ಮರಾಠಿಯಲ್ಲಿ ನೀಡಿದ ಅಂತಿಮ ಉಪದೇಶವು ಧ್ವನಿಮುದ್ರಿತವಾಯಿತು. ಅವರ ಭಾವಚಿತ್ರಗಳನ್ನು ಆಧಾರವಾಗಿ ಕೊಟ್ಟು, ಅವರು ಕನ್ನಡದಲ್ಲಿ ಇಂದಿನ ಮಕ್ಕಳಿಗೆ ಉಪದೇಶ ಮಾಡುವಂತೆ ವೀಡಿಯೊ ತಯಾರಿಸಿದರೆ ಧರ್ಮಪ್ರಭಾವನೆಯಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಒಬ್ಬ ತರುಣ ಶ್ರಾವಕರು ನನ್ನಲ್ಲಿ ಕೇಳಿದರು. ಅವರ ಉತ್ಸಾಹವನ್ನು ನಾನು ಗೌರವಿಸುತ್ತೇನೆ. ಆದರೆ ಆಗುವುದೇನೆಂದು ನೋಡಿರಿ. ಮುನಿಯಾದವರು ವಚನಗುಪ್ತಿಯನ್ನು ಪಾಲಿಸುವವರು. ಆಡಿದರೆ ಭಾಷಾಸಮಿತಿಯಿಂದ ಅಳೆದು ಆಡುವವರು. ಅವರ ಬಾಯಿಂದ ಅವರು ಆಡದ ಒಂದು ವಾಕ್ಯವನ್ನು ಹೊರಡಿಸುವುದು ಅವರ ಮೌನವನ್ನು ಕದ್ದಂತೆ. ಕಾಯವನ್ನು ಕೃಶಗೊಳಿಸಿ, ಮಮತ್ವವನ್ನು ಪೂರ್ತಿ ಬಿಟ್ಟು ಹೋದವರಿಗೆ ನಾವು ಮತ್ತೆ ಕಾಯವನ್ನು ತೊಡಿಸಿ ನಡೆಸುತ್ತೇವೆ. ಸಾಲದ್ದಕ್ಕೆ ಉಪದೇಶದ ಮಾತುಗಳನ್ನು ಬರೆದುಕೊಡುವವನು ಗೃಹಸ್ಥ. ಅದರಲ್ಲಿ ತಪ್ಪು ನುಸುಳಿದರೆ ಮಿಥ್ಯೋಪದೇಶವು ಆಚಾರ್ಯರ ಮುಖದಿಂದಲೇ ಹೊರಟಂತಾಗುತ್ತದೆ. ಐದು ಅತಿಚಾರಗಳಲ್ಲಿ ಮೂರು ಒಂದೇ ವೀಡಿಯೊದಲ್ಲಿ ಕೂಡಿಬಂದವು. ನಿಜವಾದ ಧ್ವನಿಮುದ್ರಣವೇ ಉಳಿದಿರುವಾಗ ಇದು ಏತಕ್ಕೆ ಬೇಕು? ಅದನ್ನು ಕೇಳಿಸಿ, ಕೆಳಗೆ ಕನ್ನಡದ ಅನುವಾದವನ್ನು ಅಕ್ಷರದಲ್ಲಿ ಕೊಡಬಹುದು. 2023ರಲ್ಲಿ ನಮ್ಮನ್ನಗಲಿದ ಶ್ರವಣಬೆಳಗೊಳದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ವಿಷಯದಲ್ಲಂತೂ 1981, 1993, 2006, 2018ರ ನಾಲ್ಕು ಮಹಾಮಸ್ತಕಾಭಿಷೇಕಗಳ ಕಾಲದ ಚಿತ್ರಗಳೂ ಪ್ರವಚನಗಳೂ ಉಳಿದಿವೆ. ಇರುವುದನ್ನು ಕಾಪಿಡುವ ಕೆಲಸಕ್ಕೇ ಜನರಿಲ್ಲ.

ನಮ್ಮ ಪಂಚಕಲ್ಯಾಣ ಪ್ರತಿಷ್ಠೆಯಲ್ಲಿ ಶ್ರಾವಕ ದಂಪತಿಗಳು ತೀರ್ಥಂಕರರ ತಂದೆತಾಯಿಗಳಾಗಿ, ಸೌಧರ್ಮೇಂದ್ರ–ಶಚಿಯರಾಗಿ ಕಿರೀಟ ಧರಿಸಿ ಕುಳಿತುಕೊಳ್ಳುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಆಕ್ಷೇಪ. ಅಲ್ಲಿ ನಾಭಿರಾಜನ ಸ್ಥಾನದಲ್ಲಿ ಕುಳಿತವರು ಜವಳಿ ಅಂಗಡಿಯವರೆಂದು ಸಭೆಗೆಲ್ಲ ಗೊತ್ತು. ಸಂಜೆ ಕಿರೀಟ ಇಳಿಸಿ ಅವರು ಮನೆಗೆ ಹೋಗುತ್ತಾರೆ. ಇದು ಸ್ಥಾಪನಾ ನಿಕ್ಷೇಪ, ಎಲ್ಲರ ಸಮ್ಮತಿಯಿಂದ ಎಲ್ಲರಿಗೂ ತಿಳಿದು ಮಾಡಿದ್ದು. ಇನ್ನೂ ಒಂದು ಮಾತಿದೆ. ಇಂದ್ರನಾಗಿ ಮನುಷ್ಯನು ಕುಳಿತುಕೊಳ್ಳುತ್ತಾನೆ, ಆದರೆ ತೊಟ್ಟಿಲಲ್ಲಿ ಮಲಗುವ ಬಾಲಜಿನನಾಗಿ ಯಾರ ಮನೆಯ ಮಗುವನ್ನೂ ಇಡುವುದಿಲ್ಲ. ಅಲ್ಲಿರುವುದು ವಿಧಿನಾಯಕ ಪ್ರತಿಮೆ. ಗೆರೆಯನ್ನು ಪೂರ್ವಾಚಾರ್ಯರು ಆಗಲೇ ಎಳೆದಿಟ್ಟಿದ್ದಾರೆ. ದಾನ ಕೊಟ್ಟವರ ಮೊಮ್ಮಗನ ಭಾವಚಿತ್ರವನ್ನು ಆಧಾರವಾಗಿಟ್ಟುಕೊಂಡು ಬಾಲವರ್ಧಮಾನನ ವೀಡಿಯೊ ಮಾಡಲು ಹೊರಡುವವರು ಈ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು.

ಜಿನಬಿಂಬಗಳಿಗೆ ಮುಖದ ಗುರುತು ಎಂದೂ ಬೇಕಾಗಿರಲಿಲ್ಲವೆಂಬುದು ಯೋಚಿಸತಕ್ಕ ವಿಷಯ. ವೃಷಭವನ್ನು ನೋಡಿ ಆದಿನಾಥ, ಸಿಂಹವನ್ನು ನೋಡಿ ಮಹಾವೀರ ಎನ್ನುತ್ತೇವೆ. ಇಪ್ಪತ್ತನಾಲ್ವರಿಗೂ ಒಂದೇ ವೀತರಾಗ ಮುದ್ರೆ. ಬಾಹುಬಲಿ ಸ್ವಾಮಿಗೆ ಶ್ರವಣಬೆಳಗೊಳದಲ್ಲಿ ಒಂದು ಮುಖ, 1432ರ ಕಾರ್ಕಳದಲ್ಲಿ ಒಂದು, 1604ರ ವೇಣೂರಿನಲ್ಲಿ ಒಂದು, ಮೈಸೂರಿನ ಹತ್ತಿರದ ಗೊಮ್ಮಟಗಿರಿಯಲ್ಲಿ ಇನ್ನೊಂದು. ಯಾವ ಶಿಲ್ಪಿಯೂ ಹಿಂದಿನ ಮುಖದ ಅಳತೆ ತಂದು ಒಪ್ಪಿಸಬೇಕೆಂದು ಯಾರೂ ಕೇಳಲಿಲ್ಲ. ಅವನು ಕಂಡರಿಸಿದ್ದು ಧ್ಯಾನದ ನಿಲುವನ್ನು, ಮೈಯನ್ನು ಹಬ್ಬಿದ ಬಳ್ಳಿಯನ್ನು.

ಇಷ್ಟನ್ನೆಲ್ಲ ಹೇಳಿದೆನೆಂದು ನಾನು ಈ ವಿದ್ಯೆಯ ವಿರೋಧಿಯೆಂದು ತಿಳಿಯಬಾರದು. ಪಾಠಶಾಲೆಯ ಮಕ್ಕಳಿಗೆ ಜೀವಂಧರನ ಕಥೆಯನ್ನೋ ಅಂಜನಚೋರನ ಕಥೆಯನ್ನೋ ದೃಶ್ಯದಲ್ಲಿ ತೋರಿಸಬಹುದು, ತೋರಿಸಬೇಕು. ಅದಕ್ಕೆ ಯಾರ ಭಾವಚಿತ್ರವೂ ಬೇಕಾಗಿಲ್ಲ. ನಮ್ಮದೇ ಚಿತ್ರಕಾರರೊಬ್ಬರಿಂದ ಜೀವಂಧರನ ಮುಖವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಬರೆಯಿಸಿ, ಆ ಚಿತ್ರಗಳನ್ನೇ ಯಂತ್ರಕ್ಕೆ ಆಧಾರವಾಗಿ ಕೊಟ್ಟರೆ ಮುಖ ತಪ್ಪುವುದಿಲ್ಲ, ಯಾರ ನ್ಯಾಸವೂ ಮುಟ್ಟಿದಂತಾಗುವುದಿಲ್ಲ, ಚಿತ್ರಕಾರರಿಗೆ ನಾಲ್ಕು ಕಾಸೂ ಸಿಗುತ್ತದೆ. ಮುನಿಗಳನ್ನು ತೋರಿಸಬೇಕಾದಲ್ಲಿ ಪಿಂಛಿ ಕಮಂಡಲುಗಳೊಡನೆ ವಿಹಾರ ಮಾಡುವವರನ್ನು ಹಿಂದಿನಿಂದ ತೋರಿಸಿದರೆ ಸಾಕು.

ಕೃತಕವೆಂದು ಗುರುತು ಹಾಕಿದರೆ ಸಾಲದೇ ಎಂಬುದೊಂದು ಉಳಿಯಿತು. ಸರ್ಕಾರವೂ 2026ರ ಫೆಬ್ರವರಿಯಲ್ಲಿ ಮಾಹಿತಿ ತಂತ್ರಜ್ಞಾನದ ನಿಯಮಗಳನ್ನು ತಿದ್ದಿ, ಹೀಗೆ ರಚಿಸಿದ ದೃಶ್ಯಗಳಿಗೆ ಸ್ಪಷ್ಟವಾದ ಗುರುತು ಇರಬೇಕೆಂದು ವಿಧಿಸಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದಿದೆ, ಕೃತಕ ಚಿನ್ನವನ್ನು ಚಿನ್ನವೆಂದು ಮಾರುವುದು. ರೋಲ್ಡ್‌ಗೋಲ್ಡ್ ಬಳೆಯನ್ನು ರೋಲ್ಡ್‌ಗೋಲ್ಡ್ ಎಂದೇ ಮಾರುವವನು ದೋಷಿಯಲ್ಲ. ಆದುದರಿಂದ ಗುರುತು ಬಹುಮಟ್ಟಿಗೆ ದೋಷವನ್ನು ಕಳೆಯುತ್ತದೆ. ಆದರೆ ಗುರುತು ಎಲ್ಲಿರಬೇಕು? ಹಾಲ್‌ಮಾರ್ಕನ್ನು ಡಬ್ಬಿಯ ಮೇಲೆ ಅಂಟಿಸುವುದಿಲ್ಲ, ಒಡವೆಯ ಮೈಮೇಲೆಯೇ ಒತ್ತುತ್ತಾರೆ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಹೋಗುವಾಗ ಕೆಳಗೆ ಬರೆದ ಒಕ್ಕಣೆ ಮೂರನೆಯ ಕೈಯಲ್ಲಿಯೇ ಉದುರಿಹೋಗುತ್ತದೆ. ದೃಶ್ಯದ ಮೈಮೇಲೆ, ಮೊದಲಿನಿಂದ ಕೊನೆಯವರೆಗೆ, ಕನ್ನಡದಲ್ಲಿ ಇರಬೇಕು. ಗುರುತಿನಿಂದ ಕಳೆಯುವುದು ಕೂಟಲೇಖದ ದೋಷ ಮಾತ್ರ. ನ್ಯಾಸದ ದೋಷ ಹಾಗೆಯೇ ಉಳಿಯುತ್ತದೆ. ಬೇರೆಯವರ ಒಡವೆಯನ್ನು ಕೇಳದೆ ತೊಟ್ಟುಕೊಂಡು, ‘ಇದು ನನ್ನದಲ್ಲ’ ಎಂದು ಹಲಗೆ ತೂಗುಹಾಕಿಕೊಂಡರೆ ಏನಾದಂತಾಯಿತು?

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ವೀಡಿಯೊ ಮಾಡಿಕೊಡುವವರಿಗೆ ಯಾರದಾದರೂ ಭಾವಚಿತ್ರವನ್ನು ಒಪ್ಪಿಸುವ ಮುನ್ನ, ಬದುಕಿರುವವರಾದರೆ ಅವರಿಂದಲೇ ಒಂದು ಪತ್ರ ಬರೆಸಿಕೊಳ್ಳಿರಿ. ಯಾವ ಕಾರ್ಯಕ್ರಮಕ್ಕೆ, ಯಾವ ಮಾತುಗಳಿಗೆ, ಎಷ್ಟು ಕಾಲಕ್ಕೆ ಎಂಬುದು ಅದರಲ್ಲಿರಲಿ. ಕೆಲಸ ಮುಗಿದ ಮೇಲೆ ಪಟಗಳನ್ನು ಯಂತ್ರದ ಖಾತೆಯಿಂದ ತೆಗೆದುಹಾಕಬೇಕೆಂಬುದೂ ಇರಲಿ. ತೀರಿಕೊಂಡವರ ಪಟವನ್ನು ಪಟವಾಗಿಯೇ ತೋರಿಸಿರಿ. ಪಾಠಶಾಲೆಯ ಮಕ್ಕಳ ಪಟಗಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಸಾಕೆಂದು ಕೆಲವರು ಹೇಳುತ್ತಾರೆ. ನನಗೆ ಅದು ಸಾಕೆನಿಸುವುದಿಲ್ಲ. ನಾಭಿರಾಜನಾಗಿ ಕುಳಿತವರು ಸಂಜೆಗೆ ಕಿರೀಟ ಇಳಿಸುತ್ತಾರೆ, ಆದರೆ ಎಂಟು ವರ್ಷದ ಹುಡುಗನ ಮುಖಕ್ಕೆ ಯಂತ್ರದಲ್ಲಿ ತೊಡಿಸಿದ್ದನ್ನು ಅವನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಇಳಿಸಿಡಲು ಬಯಸಿದರೆ ಯಾರ ಬಳಿ ಹೋಗಿ ಕೇಳಬೇಕು ಎಂಬುದನ್ನು ಮಂಡಳಿಯ ಮುಂದಿನ ಸಭೆಯಲ್ಲಿ ಚರ್ಚಿಸಬೇಕಾಗಿದೆ.